ದಫ್ತರದ ಕಣ್ಣು, ಶಾಸನದ ಕಲ್ಲು: ಜಾನ್ ಫೇತ್‌ಫುಲ್ ಫ್ಲೀಟರ ಅಧಿಕಾರಜೀವನ

ಪುಣೆಯ ವಿದ್ಯಾಪರಂಪರೆಯ ಮಾತು ಬಂದಾಗ ಡಾ. ರಾಮಕೃಷ್ಣ ಗೋಪಾಳ ಭಾಂಡಾರಕರ ಹೆಸರು ಮೊದಲು ನೆನಪಾಗುವುದು ಸಹಜವೂ ನ್ಯಾಯವೂ ಆಗಿದೆ. ಅವರ ಹೆಸರಿನ ಸಂಶೋಧನಮಂದಿರ ಈ ನಗರದಲ್ಲಿ ನಮ್ಮ ಕಣ್ಣೆದುರಿಗಿದೆ. ಆದರೆ ಅವರ ಕಾಲದಲ್ಲಿಯೇ ಇದೇ ಊರಿನಲ್ಲಿ ಮಧ್ಯವಿಭಾಗದ ಕಮಿಷನರರ ಕುರ್ಚಿಯಲ್ಲಿ ಕುಳಿತು, ಕಂದಾಯದ ತಕರಾರುಗಳನ್ನು ತೀರಿಸಿದ ಒಬ್ಬ ಹಿರಿಯ ಅಧಿಕಾರಿ ಕನ್ನಡನಾಡಿನ ರಾಜವಂಶಗಳ ಮೊದಲ ಕ್ರಮಬದ್ಧ ಇತಿಹಾಸವನ್ನು ಬರೆದವನೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಹೆಸರು ಶಾಸನಗ್ರಂಥಗಳ ಅಡಿಟಿಪ್ಪಣಿಗಳಲ್ಲಿ ನೂರಾರು ಸಲ ಕಾಣುತ್ತದೆ. ಆ ಹೆಸರಿನ ಹಿಂದಿರುವ ಸರಕಾರಿ ನೌಕರನು ಮಾತ್ರ ಕಾಣುವುದಿಲ್ಲ. ಆತನ ವಿದ್ವತ್ತಿನ ಗುಣಗಳೂ ದೋಷಗಳೂ ಆತನ ನೌಕರಿಯಿಂದಲೇ ಹುಟ್ಟಿದುವೆಂಬುದು ನಮ್ಮ ಅಭಿಪ್ರಾಯ. ಅದನ್ನು ಸ್ವಲ್ಪ ವಿಸ್ತರಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಫ್ಲೀಟರು ಹುಟ್ಟಿದ್ದು 1847ರಲ್ಲಿ. 1865ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸಿಗೆ ಆಯ್ಕೆಯಾಗಿ, ಲಂಡನ್ನಿನಲ್ಲಿ ಗೋಲ್ಡ್‌ಸ್ಟ್ಯೂಕರ್ ಎಂಬ ಪ್ರಸಿದ್ಧ ಪಂಡಿತರ ಬಳಿ ಸಂಸ್ಕೃತವನ್ನು ಅಭ್ಯಸಿಸಿ, 1867ರಲ್ಲಿ ಮುಂಬಯಿ ಇಲಾಖೆಗೆ ಬಂದರು. ಮುಂದಿನ ಮೂವತ್ತು ವರ್ಷಗಳ ನೌಕರಿಯ ಮೆಟ್ಟಿಲುಗಳು ಇವು: ಅಸಿಸ್ಟಂಟ್ ಕಲೆಕ್ಟರ, 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರ, 1875ರಲ್ಲಿ ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಗಳ ಅಸಿಸ್ಟಂಟ್ ಪೊಲಿಟಿಕಲ್ ಏಜಂಟ, 1883ರಿಂದ 1886ರ ವರೆಗೆ ಭಾರತ ಸರಕಾರದ ಶಾಸನತಜ್ಞ, ಆ ಮೇಲೆ ಸೊಲ್ಲಾಪುರದ ಕಲೆಕ್ಟರ, 1891-92ರಲ್ಲಿ ಮೊದಲು ದಕ್ಷಿಣ ವಿಭಾಗಕ್ಕೂ ಅನಂತರ ಪುಣೆಯ ಮಧ್ಯವಿಭಾಗಕ್ಕೂ ಕಮಿಷನರ, 1893ರಲ್ಲಿ ಸುಂಕದ ಕಮಿಷನರ, 1897ರಲ್ಲಿ ನಿವೃತ್ತಿ. ಹೊರನೋಟಕ್ಕೆ ಇದು ಆ ಕಾಲದ ಯಾವ ಯಶಸ್ವಿ ಅಧಿಕಾರಿಗೂ ಒಪ್ಪುವ ಪಟ್ಟಿ. ಇದರಲ್ಲಿ ಶಾಸನಕ್ಕೆಂದೇ ಮೀಸಲಾದವು ಮೂರೇ ವರ್ಷಗಳು. ಉಳಿದುದೆಲ್ಲ ಕಂದಾಯ, ಮ್ಯಾಜಿಸ್ಟ್ರೇಟಗಿರಿ, ಸಂಸ್ಥಾನಿಕರ ಪತ್ರವ್ಯವಹಾರ. ಆದರೂ ಈ ಉಳಿದ ವರ್ಷಗಳಲ್ಲಿಯೇ ಅವರ ಕನ್ನಡದ ಕೆಲಸದ ಬಹುಭಾಗ ನಡೆಯಿತು.

ಆ ಕಾಲದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರಗಳ ಸೀಮೆಗೆ ಸರಕಾರಿ ಕಾಗದಪತ್ರಗಳಲ್ಲಿ ‘ದಕ್ಷಿಣ ಮರಾಠಾ ಪ್ರದೇಶ’ವೆಂದು ಹೆಸರು. ಪೇಶವೆಯರ ಆಳಿಕೆಯಿಂದ ಬಂದ ಹೆಸರನ್ನು ಇಂಗ್ಲಿಷರು ಹಾಗೆಯೇ ಮುಂದುವರಿಸಿದರು. 1882ರಲ್ಲಿ ಈ ಭಾಗಕ್ಕಾಗಿ ಸ್ಥಾಪಿತವಾದ ರೇಲ್ವೆ ಕಂಪನಿಗೂ ಅದೇ ಹೆಸರು ಬಂತು. ಅದೇ 1882ರಲ್ಲಿ ಫ್ಲೀಟರ ಗ್ರಂಥವೊಂದು ಮುಂಬಯಿಯಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ ‘ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳು’. ಸರಕಾರದ ನೌಕರನೇ ಸರಕಾರದ ರೂಢಿಯ ಹೆಸರನ್ನು ಬಿಟ್ಟು ‘ಕನ್ನಡ ಜಿಲ್ಲೆಗಳು’ ಎಂದು ಬರೆದದ್ದು ಆಕಸ್ಮಿಕವಲ್ಲ. ‘ದಕ್ಷಿಣ ಮರಾಠಾ’ ಎಂಬುದು ಈ ಪ್ರದೇಶಕ್ಕೆ ಒಪ್ಪದ ಹೆಸರೆಂದೂ, ಇಲ್ಲಿಯ ಹಳೆಯ ಶಾಸನಗಳು ಸಂಸ್ಕೃತದಲ್ಲಿರುವವನ್ನು ಬಿಟ್ಟರೆ ಬಹುತೇಕ ಕನ್ನಡದವೆಂದೂ ಅವರು ಸ್ಪಷ್ಟವಾಗಿ ಹೇಳಿದರು. ಇದರಲ್ಲಿ ಕನ್ನಡದ ಅಭಿಮಾನವನ್ನು ಹುಡುಕಬೇಕಾದ ಕಾರಣವಿಲ್ಲ. ಕಲ್ಲಿನ ಮೇಲೆ ಇದ್ದುದನ್ನು ಇದ್ದಂತೆ ನಮೂದಿಸಿದರು, ಅಷ್ಟೆ. ಮುಂದೆ ಕರ್ನಾಟಕದ ಏಕೀಕರಣಕ್ಕಾಗಿ ದುಡಿದವರಿಗೆ ಈ ನಿರ್ಮಮ ನಮೂದು ಎಷ್ಟೋ ಭಾಷಣಗಳಿಗಿಂತ ಹೆಚ್ಚು ಬಲ ಕೊಟ್ಟಿತು.

ಫ್ಲೀಟರಿಗಿಂತ ಮುಂಚೆ ಈ ದಾರಿಯಲ್ಲಿ ನಡೆದವರು ವಾಲ್ಟರ್ ಎಲಿಯಟ್. 1824ರ ಕಿತ್ತೂರಿನ ಕದನದಲ್ಲಿ ಥ್ಯಾಕರೆ ಮಡಿದಾಗ ಸೆರೆಸಿಕ್ಕವರಲ್ಲಿ ಇಪ್ಪತ್ತೊಂದು ವರ್ಷದ ಈ ತರುಣನೂ ಒಬ್ಬ. ರಾಣಿಯ ಕಡೆಯವರು ಅವನಿಗೆ ಅಪಾಯಮಾಡದೆ ಬಿಟ್ಟುಕೊಟ್ಟರು. ಆ ಬಳಿಕ ಈ ಸೀಮೆಯಲ್ಲಿ ಕೆಲಸಮಾಡುತ್ತ ಅವನು 595 ಶಾಸನಗಳ ನಕಲುಗಳನ್ನು ಕೂಡಿಸಿದ. (ಕಿತ್ತೂರಿನವರ ಔದಾರ್ಯದ ಫಲಗಳಲ್ಲಿ ಇದನ್ನೂ ಎಣಿಸಬಹುದೆಂದು ನಮಗೆ ತೋರುತ್ತದೆ.) ಆದರೆ ಅವು ನಕಲುಗಾರರು ಓದಿ ಬರೆದುಕೊಂಡ ಪಾಠಗಳು, ಅಕ್ಷರ ತಿಳಿಯದಲ್ಲಿ ಊಹೆ ಸೇರುವುದು ಅನಿವಾರ್ಯ. ಫ್ಲೀಟರು ಈ ಸಂಗ್ರಹವನ್ನು ದಾರಿತೋರುವ ಯಾದಿಯಂತೆ ಬಳಸಿಕೊಂಡರು. ಪ್ರಮಾಣಕ್ಕೆ ಮಾತ್ರ ಮೂಲ ಕಲ್ಲನ್ನೋ ಅದರ ಮಸಿಯ ಪಡಿಯಚ್ಚನ್ನೋ ಹಿಡಿದರು. 1872ರಲ್ಲಿ ಬರ್ಜೆಸ್ಸರು ಆರಂಭಿಸಿದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ‘ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳು’ ಎಂಬ ಮಾಲೆ ವರ್ಷಗಟ್ಟಲೆ ನಡೆಯಿತು. ಐಹೊಳೆಯ ಮೇಗುಟಿಯಲ್ಲಿರುವ ರವಿಕೀರ್ತಿಯ ಶಾಸನ, ಮಹಾಕೂಟದ ಕಂಬ, ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ತ್ರಿಪದಿಗಳು, ಇವೆಲ್ಲ ವಿದ್ವತ್‌ಪ್ರಪಂಚಕ್ಕೆ ವಿಶ್ವಾಸಾರ್ಹ ರೂಪದಲ್ಲಿ ತಿಳಿದುದು ಹೀಗೆ.

ಅಧಿಕಾರಿಯ ಕಣ್ಣು ಇಲ್ಲಿ ಏನು ಮಾಡಿತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ಶಾಸನಗಳನ್ನು ಕಾವ್ಯವೆಂದೋ ವಂಶಾವಳಿಯೆಂದೋ ಓದುವ ರೂಢಿ ನಮಗಿದೆ. ಆದರೆ ರಾಜನ ಬಿರುದಾವಳಿ ಮುಗಿದ ಮೇಲೆ ಬರುವ ಭಾಗವನ್ನು ನೋಡಿರಿ. ದೇವಾಲಯಕ್ಕೋ ಬ್ರಾಹ್ಮಣರಿಗೋ ಬಸದಿಗೋ ಬಿಟ್ಟ ಹೊಲ ಎಷ್ಟು ಮತ್ತರು. ಅಳೆದ ಕೋಲು ಯಾವುದು. ಮೂಡಣ ಗಡಿಗೆ ಯಾವ ಹಳ್ಳ, ತೆಂಕಣ ಗಡಿಗೆ ಯಾವ ಗುಡ್ಡೆ. ಯಾವ ಸುಂಕ ಮಾಫಿ, ಯಾವ ತೆರಿಗೆ ಉಳಿಯಿತು. ಸಾಕ್ಷಿಗೆ ಇದ್ದ ಗಾವುಂಡರು ಯಾರು. ಇದು ಶುದ್ಧ ಕಂದಾಯದ ಕಾಗದ, ಕಲ್ಲಿನ ಮೇಲೆ ಬರೆದದ್ದು ಎಂಬುದಷ್ಟೇ ವ್ಯತ್ಯಾಸ. ಬೇಸಗೆಗೆ ಮುಂಚೆ ಡೇರೆ ಹಾಕಿಕೊಂಡು ಹಳ್ಳಿಹಳ್ಳಿ ತಿರುಗುತ್ತ, ಜಮಾಬಂದಿಗೆ ಕುಳಿತು, ಗೌಡ-ಕುಲಕರ್ಣಿಯರ ಬಾಯಿಂದ ಗಡಿಯ ಜಗಳ ಕೇಳುವುದು ಆಗಿನ ಅಸಿಸ್ಟಂಟ್ ಕಲೆಕ್ಟರನ ನಿತ್ಯದ ಕೆಲಸ. ಅಂಥವನಿಗೆ ಈ ಸಾಲುಗಳು ಶಬ್ದಕೋಶವಿಲ್ಲದೆಯೂ ಅರ್ಥಕೊಡುತ್ತವೆ. ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕೂಂಡಿ ಮೂರುಸಾವಿರ, ಪಾನುಂಗಲ್ ಐನೂರು, ಬನವಾಸಿ ಪನ್ನಿರ್ಛಾಸಿರ ಎಂಬ ಪ್ರಾಚೀನ ನಾಡುಗಳನ್ನು ಇಂದಿನ ತಾಲೂಕುಗಳ ಮೇಲೆ ಕೂಡಿಸಿ ತೋರಿಸಿದ ಫ್ಲೀಟರ ಶ್ರಮದ ಹಿಂದೆ ಇರುವುದು ಈ ತಿರುಗಾಟ. ಆ ಸಂಖ್ಯೆಗಳ ಅರ್ಥವೇನೆಂಬ ಚರ್ಚೆ ಇನ್ನೂ ಮುಗಿದಿಲ್ಲ; ಆದರೆ ನಾಡುಗಳ ನೆಲೆಯ ಬಗ್ಗೆ ಅವರು ಹಾಕಿದ ಗುರುತುಗಳಲ್ಲಿ ಬಹುಪಾಲು ನಿಂತಿವೆ.

ಸಂಸ್ಥಾನಗಳ ಕೆಲಸವೂ ಇದಕ್ಕೆ ಒದಗಿತು. ಪುಲಿಗೆರೆಯೆಂದು ನಮ್ಮ ಕವಿಗಳು ಕೊಂಡಾಡಿದ ಲಕ್ಷ್ಮೇಶ್ವರ ಆಗ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಜಮಖಂಡಿ, ಮುಧೋಳ, ರಾಮದುರ್ಗ, ಸಾಂಗಲಿ, ಕುರುಂದವಾಡಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ಹಳ್ಳಿಗಳ ಶಾಸನಗಳನ್ನು ನೋಡುವುದಕ್ಕೆ ಅಧಿಕಾರದ ಪರವಾನಗಿಯಿಲ್ಲದ ಪಂಡಿತನಿಗೆ ಆ ಕಾಲದಲ್ಲಿ ಎಷ್ಟು ಬಾಗಿಲು ತೆರೆಯುತ್ತಿದ್ದುವೋ ಸಂಶಯ.

ಶಾಸನತಜ್ಞನ ಹುದ್ದೆಯ ಮೂರು ವರ್ಷಗಳ ಫಲ ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ್ದಲ್ಲ. ಮಂದಸೋರಿನಲ್ಲಿ ದೊರೆತ ಮಾಲವ ಸಂವತ್ 493ರ ಶಾಸನದಿಂದ ಗುಪ್ತಶಕದ ಆರಂಭವು ಕ್ರಿ. ಶ. 319-20 ಎಂದು ಸ್ಥಿರಪಡಿಸಿದ್ದು ಅವರ ಅತ್ಯಂತ ಪ್ರಸಿದ್ಧ ಸಾಧನೆ. 1888ರಲ್ಲಿ ಹೊರಬಂದ ಗುಪ್ತಶಾಸನಗಳ ಸಂಪುಟ ಇಂದಿಗೂ ಸ್ಮರಣೀಯವಾದದ್ದು. ಇದನ್ನು ಇತರರು ಸಾಕಷ್ಟು ಬರೆದಿದ್ದಾರೆ. ನಮಗೆ ಹೆಚ್ಚು ಕುತೂಹಲದ ವಿಷಯವೆಂದರೆ, ಆ ಗಂಭೀರ ಕೆಲಸದ ಸುಮಾರಿಗೇ, 1885ರಿಂದ ಮುಂದಕ್ಕೆ, ತಾವು ಟೆಂಪಲರೊಡನೆ ಸಂಪಾದಿಸುತ್ತಿದ್ದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅವರು ಕನ್ನಡ ಲಾವಣಿಗಳನ್ನು ಮೂಲ ಮತ್ತು ಭಾಷಾಂತರಗಳೊಡನೆ ಅಚ್ಚುಹಾಕಿಸಿದ್ದು.

ಆ ಲಾವಣಿಗಳು ಯಾವುವು? 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನದು ಒಂದು. 1857ರಲ್ಲಿ ಹತಾರಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಧಿಕ್ಕರಿಸಿ ಸರಕಾರದ ದಂಡಿನ ಕೈಯಲ್ಲಿ ಸತ್ತ ಹಲಗಲಿಯ ಬೇಡರದು ಇನ್ನೊಂದು. ಸಂಗ್ಯಾನ ಕೊಲೆಯ ಕಥೆ ಮತ್ತೊಂದು. ಆದಾಯತೆರಿಗೆಯನ್ನು ಹೇರಿದ್ದರ ಮೇಲೆ ಜನ ಕಟ್ಟಿದ ಹಾಡೂ ಇದರಲ್ಲಿ ಸೇರಿದೆ. ತೆರಿಗೆ ಎತ್ತುವ ಇಲಾಖೆಯ ಹಿರಿಯ ನೌಕರ ತೆರಿಗೆಯನ್ನು ಹಳಿಯುವ ಹಾಡನ್ನು ಬರೆದುಕೊಳ್ಳುತ್ತಿದ್ದಾನೆ. ಬಂಡಾಯವನ್ನು ತುಳಿದ ಸರಕಾರದ ಪ್ರತಿನಿಧಿ ಬಂಡುಗಾರನ ಕೀರ್ತಿಯನ್ನು ಅಚ್ಚಿಗೆ ಕೊಡುತ್ತಿದ್ದಾನೆ. ಹಲಗಲಿ ಮುಧೋಳ ಸಂಸ್ಥಾನದ ಹಳ್ಳಿ. ಅಂದರೆ ಫ್ಲೀಟರು ಅಸಿಸ್ಟಂಟ್ ಪೊಲಿಟಿಕಲ್ ಏಜಂಟರಾಗಿದ್ದ ಸೀಮೆಯೊಳಗಿನದು. ಅವರು ಅಲ್ಲಿಗೆ ಬಂದಾಗ ಆ ಘಟನೆ ನಡೆದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಹಾಡುವವನು ಯಾರ ಮುಂದೆ ಏನನ್ನು ಹಾಡುತ್ತಿದ್ದೇನೆಂದು ತಿಳಿದೇ ಹಾಡಿರಬೇಕು. ಇಂದು ಕರ್ನಾಟಕದ ಶಾಲೆಯ ಮಕ್ಕಳು ಹಲಗಲಿ ಬೇಡರ ಲಾವಣಿಯನ್ನು ಪಾಠವಾಗಿ ಓದುತ್ತಾರೆ. ಅದು ಮೊದಲು ಅಚ್ಚಾದ ಪುಟಗಳನ್ನು ಒದಗಿಸಿದವನು ಆ ಬೇಡರನ್ನು ಸುಟ್ಟ ಸರಕಾರದ ಸಂಬಳಗಾರನೆಂಬ ವಿಚಿತ್ರವನ್ನು ಯಾವ ತೀರ್ಪಿನಿಂದಲೂ ನಯಗೊಳಿಸಲಾಗದು. ಅದನ್ನು ಹಾಗೆಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಪುಣೆಯ ಮಾತಿಗೆ ಬರೋಣ. ಫ್ಲೀಟರ ‘ರಾಜವಂಶಗಳು’ ಹೊರಬಂದ ಎರಡೇ ವರ್ಷಗಳಲ್ಲಿ, 1884ರಲ್ಲಿ, ಭಾಂಡಾರಕರ ‘ದಖ್ಖನದ ಪ್ರಾಚೀನ ಇತಿಹಾಸ’ ಪ್ರಕಟವಾಯಿತು. ಇಬ್ಬರೂ ಹೇಳಿದ ಅರಸರು ಬಹುಮಟ್ಟಿಗೆ ಅವರೇ: ಬಾದಾಮಿಯ ಚಾಳುಕ್ಯರು, ಮಳಖೇಡದ ರಾಷ್ಟ್ರಕೂಟರು, ಕಲ್ಯಾಣದ ಚಾಳುಕ್ಯರು, ದೇವಗಿರಿಯ ಯಾದವರು. ಫ್ಲೀಟರು ತಮ್ಮ ಗ್ರಂಥವನ್ನು ಪೂರ್ತಿಯಾಗಿ ತಿದ್ದಿ ಬೆಳೆಸಿದ ಮೇಲೆ, 1896ರಲ್ಲಿ ಮುಂಬಯಿ ಗ್ಯಾಝೆಟಿಯರದ ಮೊದಲನೆಯ ಸಂಪುಟದ ಎರಡನೆಯ ಭಾಗದಲ್ಲಿ ಇವೆರಡೂ ಒಂದೇ ರಟ್ಟಿನೊಳಗೆ ಸೇರಿದುವು. ಆ ದಪ್ಪ ಪುಸ್ತಕವನ್ನು ತೆರೆದವರಿಗೆ ಒಂದು ವಿಶೇಷ ಕಾಣುತ್ತದೆ. ಭಾಂಡಾರಕರು ಸಾಹಿತ್ಯ, ಪುರಾಣ, ಶಾಸನಗಳನ್ನು ಒಟ್ಟಿಗೆ ಹಿಡಿದು ಒಂದು ನಾಡಿನ ಕಥೆಯನ್ನು ಹರಿಯುವ ಗದ್ಯದಲ್ಲಿ ಹೇಳುತ್ತಾರೆ. ಓದುಗ ಅವರೊಡನೆ ನಡೆದು ಹೋಗುತ್ತಾನೆ. ಫ್ಲೀಟರದು ನಡಿಗೆಯಲ್ಲ, ತಪಾಸಣೆ. ಪ್ರತಿ ಅರಸನಿಗೂ ಶಾಸನದ ಸ್ಥಳ, ತಿಥಿ, ವಾರ, ಸಾಮಂತ, ನಾಡು. ಪುಟದ ಅರ್ಧ ಅಡಿಟಿಪ್ಪಣಿ. ಓದಲು ಭಾಂಡಾರಕರು ಸುಖ, ಹುಡುಕಲು ಫ್ಲೀಟರು ಅನಿವಾರ್ಯ. ಸವದತ್ತಿಯ ರಟ್ಟರು, ಗುತ್ತಳದ ಗುತ್ತರು, ಸಿಂದರು, ಹಾನಗಲ್ಲಿನ ಮತ್ತು ಗೋವೆಯ ಕದಂಬರು, ಇಂಥ ಸಣ್ಣ ಮನೆತನಗಳಿಗೆ ಇತಿಹಾಸದಲ್ಲಿ ಒಂದು ಕೋಣೆ ಸಿಕ್ಕಿದ್ದು ಫ್ಲೀಟರ ಈ ತಾಳ್ಮೆಯಿಂದ.

ಆದರೆ ದಫ್ತರದ ಕಣ್ಣಿಗೆ ಒಂದು ರೋಗವೂ ಉಂಟು: ಸಂಶಯ. ಫ್ಲೀಟರು ಈ ದೇಶಕ್ಕೆ ಬರುವುದಕ್ಕೆ ಕೆಲವು ವರ್ಷ ಮೊದಲು, 1852ರ ಕಾಯಿದೆಯ ಇನಾಮ್ ಕಮಿಷನ್ನು ಈ ಭಾಗದ ಇನಾಮದಾರರ ಹಳೆಯ ಸನದುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಒಪ್ಪದವನ್ನು ತಳ್ಳಿಹಾಕಿ, ಎಷ್ಟೋ ಮನೆತನಗಳನ್ನು ಕೆಡವಿತ್ತು. ಕಾಗದವಿಲ್ಲದ ಹಕ್ಕು ಹಕ್ಕಲ್ಲ. ಕಾಗದವಿದ್ದರೂ ಅದು ಖೋಟಾ ಇರಬಹುದು ಎಂಬುದು ಆ ಆಡಳಿತದ ಮನೋಧರ್ಮ. ಈ ಮನೋಧರ್ಮವನ್ನೇ ಫ್ಲೀಟರು ಇತಿಹಾಸಕ್ಕೂ ತಂದರು. ಅದರ ಒಳ್ಳೆಯ ಫಲವೂ ಇದೆ: ಭೂಮಿಯ ಆಸೆಗೆ ಹಿಂದಿನವರು ಹುಟ್ಟಿಸಿದ ಸುಳ್ಳು ತಾಮ್ರಪಟಗಳನ್ನು ಲಿಪಿ, ತಿಥಿ, ವಂಶಾವಳಿಗಳಿಂದ ಬಯಲಿಗೆಳೆಯುವ ವಿಧಾನವನ್ನು ನಮಗೆ ಕಲಿಸಿದವರು ಅವರೇ. 1901ರಲ್ಲಿ ಅಂಥ ಕೃತ್ರಿಮ ಶಾಸನಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದರು. ಆದರೆ ತಲಕಾಡಿನ ಗಂಗರ ತಾಮ್ರಪಟಗಳನ್ನು ಅವರು ಸಾರಾಸಗಟಾಗಿ ಸಂಶಯಿಸಿ, ಮೈಸೂರಿನ ಲೂಯಿ ರೈಸರೊಡನೆ ಹೂಡಿದ ವಾದ ಬಹುಕಾಲ ನಡೆಯಿತು. ರೈಸರು ನಂಬುವುದರಲ್ಲಿ ಉದಾರಿಗಳು, ಫ್ಲೀಟರು ನಂಬದಿರುವುದರಲ್ಲಿ ಉದಾರಿಗಳು. ಸತ್ಯ ಇಬ್ಬರಿಗೂ ಪೂರ್ತಿ ಸಿಗಲಿಲ್ಲ.

ಇನ್ನೊಂದು ಪ್ರಸಂಗ ಕನ್ನಡಿಗರ ಮನಸ್ಸಿಗೆ ಹೆಚ್ಚು ಹತ್ತಿರದ್ದು. ಅಬ್ಬಲೂರಿನ ಶಾಸನಗಳನ್ನು ಫ್ಲೀಟರು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಸಂಪಾದಿಸಿದರು. ಏಕಾಂತದ ರಾಮಯ್ಯನು ತಲೆಯನ್ನು ಕಡಿದುಕೊಂಡು ಮತ್ತೆ ಪಡೆದ ಪವಾಡವನ್ನು ಹೇಳುವ ಆ ಶಾಸನ ನಮ್ಮ ಧಾರ್ಮಿಕ ಇತಿಹಾಸದ ಅಮೂಲ್ಯ ದಾಖಲೆ. ಅದನ್ನು ಅವರು ಸಂಪಾದಿಸಿದ ಎಚ್ಚರಿಕೆ ಮೆಚ್ಚತಕ್ಕದ್ದು. ಆದರೆ ಬಸವಣ್ಣನವರ ಹೆಸರು ತಮಗೆ ಸಿಕ್ಕ ಸಮಕಾಲೀನ ಶಾಸನಗಳಲ್ಲಿ ಕಾಣದಿದ್ದುದರಿಂದ, ಲಿಂಗಾಯತ ಚಳವಳಿಯ ಮೊದಲಿಗನೆಂಬ ಸ್ಥಾನವನ್ನು ಫ್ಲೀಟರು ಏಕಾಂತದ ರಾಮಯ್ಯನಿಗೆ ಕೊಟ್ಟರು. ಕಲ್ಲಿನ ಮೇಲೆ ಹೆಸರಿಲ್ಲದವನಿಗೆ ದಫ್ತರದಲ್ಲಿ ಖಾತೆಯಿಲ್ಲ ಎಂಬ ನ್ಯಾಯ ಇದು. ಸಾವಿರಾರು ನಾಲಗೆಗಳ ಮೇಲೆ ಬದುಕಿದ್ದ ವಚನಗಳು ಅವರಿಗೆ ಸಾಕ್ಷಿಯಾಗಿ ತೋರಲಿಲ್ಲ. ಲಾವಣಿಯನ್ನು ಅಷ್ಟು ಗೌರವದಿಂದ ಬರೆದುಕೊಂಡವರು ವಚನವನ್ನು ಹೀಗೆ ಬಿಟ್ಟರೆಂಬುದು ಆಶ್ಚರ್ಯದ ಸಂಗತಿ. ಆದರೆ ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಅಚ್ಚಾದುದು 1923ರಲ್ಲಿ ಎಂಬುದನ್ನೂ ಮರೆಯಬಾರದು. ಮುಂದೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ದೊರೆತ 1260ರ ಶಾಸನದಲ್ಲಿ ಬಸವಣ್ಣನವರ ಹೆಸರು ಕಂಡಿತು. ಕಲ್ಲೇ ಕಲ್ಲಿನ ವಾದಕ್ಕೆ ಉತ್ತರ ಕೊಟ್ಟಿತು.

ಇಂಥ ತಿದ್ದುಪಡಿಗಳು ಇನ್ನೂ ಇವೆ. ರಾಷ್ಟ್ರಕೂಟರ ಮೂಲಸ್ಥಾನವಾದ ಲತ್ತಲೂರನ್ನು ಫ್ಲೀಟರು ದೂರದ ಬಿಲಾಸಪುರ ಜಿಲ್ಲೆಯ ರತನಪುರವೆಂದು ಬಗೆದರು. ಅದು ಲಾತೂರೇ ಎಂಬ ಅಭಿಪ್ರಾಯ ಈಗ ನೆಲೆನಿಂತಿದೆ. ಅನಂತ ಸದಾಶಿವ ಅಳತೇಕರರು ಈ ಪುಣೆಯಲ್ಲಿಯೇ 1934ರಲ್ಲಿ ಪ್ರಕಟವಾದ ತಮ್ಮ ರಾಷ್ಟ್ರಕೂಟರ ಇತಿಹಾಸದಲ್ಲಿ ಆ ಅರಸರ ಮನೆಮಾತು ಕನ್ನಡವೆಂದು ಒಪ್ಪಿದ್ದಾರೆ. ಮರಾಠಿ ವಿದ್ವಾಂಸರ ಲೇಖನಿಯಿಂದ ಬಂದ ಈ ಮಾತು ನಮ್ಮ ಊರಿನ ವಿದ್ವತ್ತಿನ ನಿಷ್ಪಕ್ಷಪಾತಕ್ಕೆ ಸಾಕ್ಷಿ. ‘ಕವಿರಾಜಮಾರ್ಗ’ದ ಕರ್ತೃತ್ವದ ಚರ್ಚೆಯಲ್ಲಿಯೂ ಪುಣೆಗೆ ಪಾಲಿದೆ. 1898ರಲ್ಲಿ ಆ ಗ್ರಂಥವನ್ನು ಮೊದಲು ಸಂಪಾದಿಸಿದ ಕಾಶೀನಾಥ ಬಾಪೂಜಿ ಪಾಠಕರು ಮುಂದೆ ಇಲ್ಲಿಯ ಡೆಕ್ಕನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ಅವರು ನೃಪತುಂಗನೇ ಕರ್ತೃವೆಂದರು. ಫ್ಲೀಟರು 1904ರಲ್ಲಿ ಅದನ್ನು ಅಲ್ಲಗಳೆದು ಕವೀಶ್ವರನೆಂಬ ಬೇರೆ ಕವಿಯನ್ನು ಸೂಚಿಸಿದರು. ಇಂದು ಬಹುಮಂದಿ ಒಪ್ಪುವ ಹೆಸರು ಶ್ರೀವಿಜಯ. ಅಂದರೆ ಫ್ಲೀಟರು ಹೇಳಿದ ಹೆಸರು ನಿಲ್ಲಲಿಲ್ಲ, ಅರಸನೇ ಬರೆದನೆಂಬುದರ ಮೇಲೆ ಅವರಿಟ್ಟ ಸಂಶಯ ನಿಂತಿತು.

ನಿವೃತ್ತಿಯ ನಂತರ ಫ್ಲೀಟರು ಲಂಡನ್ನಿನಲ್ಲಿ ನೆಲೆಸಿ ರಾಯಲ್ ಏಶಿಯಾಟಿಕ್ ಸೊಸೈಟಿಯ ಕಾರ್ಯದರ್ಶಿತ್ವವನ್ನು ವಹಿಸಿದರು. 1912ರಲ್ಲಿ ಅದರ ಸುವರ್ಣಪದಕ ಅವರಿಗೆ ಸಂದಿತು. ಮೈಸೂರಿನ ಶಾಮಶಾಸ್ತ್ರಿಗಳು 1915ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಇಂಗ್ಲಿಷ್ ಭಾಷಾಂತರವನ್ನು ಹೊರತಂದಾಗ ಅದಕ್ಕೆ ಪೀಠಿಕೆಯ ಟಿಪ್ಪಣಿಯನ್ನು ಬರೆದುಕೊಟ್ಟವರು ಫ್ಲೀಟರು. ಕಂದಾಯದ ಅಧಿಕಾರಿಯೊಬ್ಬನು ಆ ಗ್ರಂಥಕ್ಕೆ ನಾಲ್ಕು ಮಾತು ಬರೆಯುವುದಕ್ಕಿಂತ ಯುಕ್ತವಾದುದು ಇನ್ನೇನಿದೆ!

ಅದೇ 1915ರಲ್ಲಿ ಪೆನುಗೊಂಡೆಯ ಗಂಗರ ತಾಮ್ರಪಟ ಅವರ ಕೈಗೆ ಬಂತು. ಗಂಗರ ಹಳೆಯ ಪಟಗಳನ್ನೆಲ್ಲ ಖೋಟಾ ಎಂದು ದಶಕಗಳ ಕಾಲ ವಾದಿಸಿದ ಆ ವೃದ್ಧನು ಲಿಪಿಯನ್ನು ನೋಡಿದ, ಹೆಸರುಗಳನ್ನು ತೂಗಿದ, ಇದು ನಿಜವಾದ ಶಾಸನವೆಂದು ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ತನ್ನ ಹಳೆಯ ಹುಕುಮನ್ನು ತಾನೇ ತಿದ್ದಿ ಬರೆದಂತಾಯಿತು. ಎರಡು ವರ್ಷದ ಬಳಿಕ, 1917ರ ಫೆಬ್ರುವರಿ 21ರಂದು, ಫ್ಲೀಟರು ತೀರಿಕೊಂಡರು. ಅದೇ ವರ್ಷದ ಜುಲೈ 6ರಂದು ಪುಣೆಯಲ್ಲಿ ಭಾಂಡಾರಕರ ಹೆಸರಿನ ಮಂದಿರ ಸ್ಥಾಪಿತವಾಯಿತು; ಅದೇ ವರ್ಷ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಅಚ್ಚಾಯಿತು. ಆ ಪುಸ್ತಕದ ಪುಟಗಳಲ್ಲಿ ಪುಲಿಕೇಶಿಯೂ ವಿಕ್ರಮಾದಿತ್ಯನೂ ಕನ್ನಡದಲ್ಲಿ ಮಾತನಾಡುತ್ತಾರೆ. ಅವರ ತಿಥಿವಾರಗಳನ್ನು ಕೂಡಿಸಿಕೊಟ್ಟವರಲ್ಲಿ ಪುಣೆಯ ಆ ಮಾಜಿ ಕಮಿಷನರನೂ ಒಬ್ಬ.